ಮಗಳು ‘ನಿಮಗೆ ಗೊತ್ತಾಗಲ್ಲ’ ಅಂದಳು

ಪ್ರಶ್ನೆ: ನನಗೆ 48 ವರ್ಷ. ದಾವಣಗೆರೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ. ಓದಿದ್ದು ಎಸ್ಸೆಸ್ಸೆಲ್ಸಿ. ಸಿನಿಮಾ ಅಂದರೆ ಪ್ರಾಣ. ಫೈಟು, ದೆವ್ವ, ಕಾಮಿಡಿ, ಅಣ್ಣ-ತಂಗಿ ಸೆಂಟಿಮೆಂಟು, ಎಲ್ಲ ನೋಡುತ್ತೇನೆ. ಮಗಳು ಚಿಕ್ಕವಳಿದ್ದಾಗಿನಿಂದ ಅವಳೇ ನನ್ನ ಜೊತೆ. ಸಿನಿಮಾ ಬಿಟ್ಟ ಮೇಲೆ ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತಾ ಅದರ ಬಗ್ಗೆ ಮಾತಾಡುವುದು ನಮ್ಮ ರೂಢಿ. ಈಗ ಅವಳು ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದಾಳೆ. ಹೋದ ತಿಂಗಳು ಅವಳ ಗೆಳತಿಯರು ಮನೆಗೆ ಬಂದಿದ್ದರು. ಒಂದು ಸಿನಿಮಾದ ಮಾತು ಬಂತು. ‘ದೆವ್ವದ ಮುಖ ಶುರುವಿನಲ್ಲೇ ತೋರಿಸಿಬಿಟ್ಟರು, ಆಮೇಲೆ ಹೆದರಿಕೇನೇ ಆಗಲಿಲ್ಲ’ ಅಂದೆ. ‘ಅಪ್ಪಾಜಿ, ನಿಮಗೆ ಅದೆಲ್ಲ ಗೊತ್ತಾಗಲ್ಲ, ಸುಮ್ನಿರಿ’ ಅಂದಳು. ಎಲ್ಲರೂ ನಕ್ಕರು. ಅದಕ್ಕೂ ಮುಂಚೆ ಒಂದು ದಿನ ಅವಳು ಲ್ಯಾಪ್‌ಟಾಪಿನಲ್ಲಿ ಯಾವುದೋ ಪ್ರಶಸ್ತಿ ಬಂದ ಸಿನಿಮಾ ತೋರಿಸಿದ್ದಳು. ಒಬ್ಬ ಮುದುಕ ಬಾವಿಯಿಂದ ನೀರು ಸೇದುತ್ತಲೇ ಇದ್ದ. ‘ಇದೂ ಒಂದು ಸಿನಿಮಾನಾ’ ಅಂತ ನಾನು ಎದ್ದು ಹೋಗಿದ್ದೆ. ಈಗ ಇಬ್ಬರೂ ಸಿನಿಮಾ ಮಾತೇ ಎತ್ತುವುದಿಲ್ಲ. ನನ್ನಂಥವನು ಅಭಿಪ್ರಾಯ ಹೇಳಬಾರದಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಕಾಗದದಲ್ಲಿ ನನಗೆ ತುಂಬಾ ಹಿಡಿಸಿದ ಸಾಲು ಯಾವುದು ಗೊತ್ತಾ? ದೆವ್ವದ ಮುಖ ಶುರುವಿನಲ್ಲೇ ತೋರಿಸಿದ್ದರಿಂದ ಹೆದರಿಕೆ ಆಗಲಿಲ್ಲ ಅನ್ನುವುದು. ಹುಡುಗಿಯರು ನಕ್ಕಿರಬಹುದು. ಆದರೆ ಅದು ಪಕ್ಕಾ ವಿಮರ್ಶೆ. ಬಾಗಿಲ ಹಿಂದೆ ಏನೋ ಇದೆ ಅನ್ನುವ ತನಕ ನಮ್ಮ ಎದೆ ಹೊಡೆದುಕೊಳ್ಳುತ್ತದೆ. ಮುಖ ಕಂಡ ಮೇಲೆ ಅಲ್ಲಿ ಉಳಿಯುವುದು ಮೇಕಪ್ ಹಾಕಿದ ನಟ ಅಷ್ಟೇ. ಅದಕ್ಕೇ ಕಸುಬು ಬಲ್ಲ ನಿರ್ದೇಶಕರು ಮೊದಲು ಸದ್ದು ಕೇಳಿಸುತ್ತಾರೆ, ಆಮೇಲೆ ನೆರಳು ತೋರಿಸುತ್ತಾರೆ, ದೆವ್ವವನ್ನು ಆದಷ್ಟು ತಡವಾಗಿ ತರುತ್ತಾರೆ. ಇಂಥ ಸೀನು ಬಂದಾಗ ಒಂದು ಸಲ ಟಿವಿಯ ಸೌಂಡ್ ಬಂದ್ ಮಾಡಿ ನೋಡಿ. ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ. ಇದನ್ನೆಲ್ಲ ನಿಮಗೆ ಯಾರೂ ಪಾಠ ಮಾಡಿಲ್ಲ. ನೋಡಿ ನೋಡಿ ನೀವೇ ಕಂಡುಕೊಂಡಿದ್ದೀರಿ. ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಹೇಳಿ, ಧಾರಾಳವಾಗಿ ಹೇಳಿ.

ಇನ್ನು ನಿಮಗೆ ಸ್ವಲ್ಪ ಕಹಿಯಾಗುವ ಮಾತು. ಮಗಳು ನಿಮಗೆ ಅಂದಿದ್ದನ್ನು ನೀವು ಅದಕ್ಕೂ ಮುಂಚೆಯೇ ಅವಳಿಗೆ ಅಂದಿದ್ದೀರಿ. ‘ಇದೂ ಒಂದು ಸಿನಿಮಾನಾ’ ಅಂದರೂ ‘ನಿಮಗೆ ಗೊತ್ತಾಗಲ್ಲ’ ಅಂದರೂ ಎದುರಿದ್ದವರಿಗೆ ಆಗುವ ನೋವು ಒಂದೇ ಅಲ್ವಾ? ತನಗೆ ಇಷ್ಟವಾದದ್ದನ್ನು ಅಪ್ಪಾಜಿಗೆ ತೋರಿಸಬೇಕು ಅನ್ನಿಸಿತಲ್ಲ ಅವಳಿಗೆ! ಆ ಆಸೆಯನ್ನು ನೀವು ಗಮನಿಸಲೇ ಇಲ್ಲ.

ಬಟ್ಟೆ ಅಂಗಡಿಯಲ್ಲಿ ಇರುವವರು ನೀವು. ಗಿರಾಕಿ ಮೈ ಒರೆಸುವ ಟವೆಲ್ ಕೇಳಿದರೆ ಅದಕ್ಕೆ ಜರಿ ಅಂಚು ಇಲ್ಲ ಅಂತ ಬೈಯುವುದಿಲ್ಲ. ನೀರು ಹೀರುತ್ತದಾ ಅಂತ ನೋಡುತ್ತೀರಿ. ಮದುವೆ ಸೀರೆ ನೀರು ಹೀರಲಿಲ್ಲ ಅಂತ ಯಾರೂ ವಾಪಸ್ ತರುವುದಿಲ್ಲ. ಸಿನಿಮಾನೂ ಹಾಗೇ ನೋಡಬೇಕು. ಕಾಮಿಡಿ ನಗಿಸಿತಾ? ಫೈಟಿನಲ್ಲಿ ಯಾರು ಎಲ್ಲಿ ನಿಂತು ಯಾರಿಗೆ ಹೊಡೆದರು ಅನ್ನುವುದು ಕಂಡಿತಾ, ಇಲ್ಲ ಬರೀ ಗಾಜು ಒಡೆದ ಸದ್ದಾ? ತಂಗಿ ಅತ್ತಾಗ ನಿಮಗೂ ಗಂಟಲು ಕಟ್ಟಿತಾ, ಇಲ್ಲ ಹಿಂದಿನ ಪಿಟೀಲು ಮಾತ್ರ ಅತ್ತಿತಾ?

ಮುದುಕ ನೀರು ಸೇದುವ ಸಿನಿಮಾಕ್ಕೆ ಈ ಅಳತೆ ಯಾವುದೂ ಆಗುವುದಿಲ್ಲ. ಅಲ್ಲಿ ಮುಂದೇನು ಅಂತ ಕಾಯುತ್ತಾ ಕೂತರೆ ಖಂಡಿತ ಬೇಸರ ಬರುತ್ತದೆ. ಈಗ ಏನಾಗುತ್ತಿದೆ ಅಂತ ನೋಡಿ. ಅವನ ಕೈ ನಡುಗುತ್ತಿದೆಯಾ? ಆ ಕೊಡ ಯಾರಿಗಾಗಿ? ಜಗಳೂರು, ಚಳ್ಳಕೆರೆ ಕಡೆಯ ಬರ ಕಂಡ ನಮಗೆ ಬಾವಿಯೊಳಗೆ ಹಗ್ಗ ಎಷ್ಟು ಉದ್ದ ಇಳಿಯಿತು ಅನ್ನುವುದೇ ಒಂದು ಕಥೆ. ಬಹುಶಃ ಅದನ್ನು ಮಗಳಿಗಿಂತ ನೀವೇ ಚೆನ್ನಾಗಿ ಓದಬಲ್ಲಿರಿ. ಇಷ್ಟರ ಮೇಲೂ ಬೇಸರವಾದರೆ ಬೇಸರ ಅಂತಲೇ ಹೇಳಿ. ಪ್ರಶಸ್ತಿ ಬಂದಿದೆ ಅಂತ ಸುಮ್ನೆ ಹೊಗಳುವುದು ಬೇಡ. ಆದರೆ ಯಾವ ಸೀನಿನಿಂದ ಬೇಸರ ಶುರುವಾಯಿತು ಅಂತಲೂ ಹೇಳಿ.

ಇಂಥದ್ದೆಲ್ಲ ಓದಿದವರಿಗೆ ಮಾತ್ರ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪ್ರತಿ ವರ್ಷ ನಾಟಕೋತ್ಸವ ನಡೆಯುತ್ತದೆ. 1997ರಲ್ಲಿ ಅಲ್ಲಿಂದಲೇ ಶುರುವಾದ ಶಿವಸಂಚಾರ ತಂಡ ಊರೂರು ತಿರುಗಿ ನಾಟಕ ಆಡುತ್ತದೆ. ಹೊಲದ ಕೆಲಸ ಮುಗಿಸಿ ಬಂದವರು ನಗೆ ನಾಟಕವನ್ನೂ ನೋಡುತ್ತಾರೆ, ಗಂಭೀರ ನಾಟಕವನ್ನೂ ನೋಡುತ್ತಾರೆ.

ನಮ್ಮ ಕಡೆಯದೇ ಇನ್ನೊಂದು ಉದಾಹರಣೆ ಇದೆ. ಪುಟ್ಟಣ್ಣ ಕಣಗಾಲ್ ಅವರು ತರಾಸು ಅವರ ಮೂರು ಕಾದಂಬರಿ ಸೇರಿಸಿ 1972ರಲ್ಲಿ ‘ನಾಗರಹಾವು’ ಮಾಡಿದರು. ಚಿತ್ರದುರ್ಗದ ಕೋಟೆಯಲ್ಲೇ ಶೂಟಿಂಗ್. ಜನ ಮುಗಿಬಿದ್ದು ನೋಡಿದರು. ತರಾಸು ಅವರಿಗೆ ಮಾತ್ರ ಅದು ಹಿಡಿಸಲಿಲ್ಲ, ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅಂದಿದ್ದರು ಅನ್ನುವ ಮಾತು ಇವತ್ತಿಗೂ ಜನರ ಬಾಯಲ್ಲಿದೆ. ಕಥೆ ಬರೆದವರದು ಒಂದು ಅಭಿಪ್ರಾಯ, ಟಿಕೆಟ್ ಕೊಂಡವರದು ಇನ್ನೊಂದು. ಎರಡೂ ಉಳಿದುಕೊಂಡಿವೆ.

ಈಗ ಮಗಳ ವಿಷಯ. ಕಾಲೇಜಿನಲ್ಲಿ ಹೊಸದು ಕಲಿಯುತ್ತಿದ್ದಾಳೆ. ಗೆಳತಿಯರ ಮುಂದೆ ತಾನೂ ಏನೋ ತಿಳಿದವಳು ಅಂತ ಕಾಣಿಸಬೇಕು ಅನ್ನುವ ವಯಸ್ಸು. ಅವತ್ತು ಅವಳಿಗೆ ಸಿನಿಮಾಕ್ಕಿಂತ ಗೆಳತಿಯರದ್ದೇ ಜಾಸ್ತಿ ಯೋಚನೆ ಇದ್ದಿರಬೇಕು. ಹಾಗಂತ ಅವಳ ಮಾತು ಸರಿ ಅನ್ನುತ್ತಿಲ್ಲ. ನಿಮಗೆ ನೋವಾಗಿದೆ, ಅದು ಅವಳಿಗೆ ತಿಳಿಯಬೇಕು. ಇಬ್ಬರೇ ಇರುವಾಗ ನೇರವಾಗಿ ಹೇಳಿ. ‘ಎಲ್ಲರ ಮುಂದೆ ಹಾಗೆ ಅಂದೆಯಲ್ಲ ಮಗಳೇ, ಬೇಜಾರಾಯ್ತು. ನಿನ್ನ ಸಿನಿಮಾ ನಡುವೆ ನಾನು ಎದ್ದು ಹೋಗಿದ್ದೂ ತಪ್ಪು’ ಅನ್ನಿ. ಅಷ್ಟು ಸಾಕು. ಹಳೆಯದನ್ನೆಲ್ಲ ಕೆದಕಬೇಡಿ, ಫೀಸು ಕಟ್ಟಿದ್ದು ನಾನು ಅನ್ನುವ ಮಾತು ಅಂತೂ ಬೇಡವೇ ಬೇಡ.

ಆಮೇಲೆ ಆ ಮುದುಕನ ಸಿನಿಮಾ ಮತ್ತೆ ಹಾಕು ಅನ್ನಿ. ಈ ಸಲ ಕೊನೆಯ ತನಕ ಕೂತಿರಿ. ಮುಂದಿನ ಭಾನುವಾರ ನಿಮ್ಮ ಆಯ್ಕೆಯದು ನೋಡಿ. ನನ್ನನ್ನು ಕೇಳಿದರೆ ‘ನಾಗರಹಾವು’ ಅನ್ನುತ್ತೇನೆ. ನೋಡಿದ ಮೇಲೆ ಅಂಗಡಿಗೆ ರಜೆ ಇರುವ ಒಂದು ದಿನ ಇಬ್ಬರೂ ದುರ್ಗದ ಬಸ್ಸು ಹತ್ತಿ. ಸುಮಾರು 60 ಕಿಲೋಮೀಟರ್ ದಾರಿ. ಕೋಟೆ ಹತ್ತುವಾಗ, ಆ ಸಿನಿಮಾದ ಚಾಮಯ್ಯ ಮೇಷ್ಟ್ರು ತಮ್ಮ ಶಿಷ್ಯ ರಾಮಾಚಾರಿಗೆ ಮಾಡಿದ್ದು ಸರಿಯಾ, ತಪ್ಪಾ ಅಂತ ಮಗಳನ್ನು ಕೇಳಿ. ಅವಳು ಪೂರ್ತಿ ಹೇಳಿ ಮುಗಿಸುವ ತನಕ ನಡುವೆ ಬಾಯಿ ಹಾಕಬೇಡಿ. ಆಮೇಲೆ ನೀವು ಹೇಳಿ.