ಸಂಕದ ಮಾತು ಎಲ್ಲಿ ಹೋಯಿತು, ಟೀಚರ್?

ನಮಸ್ಕಾರ ಟೀಚರ್,

ನಿಮ್ಮ ಲೇಖನ ಕೈಸೇರಿ ಮೂರು ವಾರವಾಯಿತು. ತಡವಾಗಿದ್ದಕ್ಕೆ ಮಳೆಯನ್ನು ದೂರಬಹುದು, ಕರೆಂಟನ್ನು ದೂರಬಹುದು, ನಮ್ಮ ಕಡೆ ಎಲ್ಲರೂ ಅದನ್ನೇ ಮಾಡುತ್ತಾರೆ. ನಿಜ ಏನೆಂದರೆ ಎರಡು ಸಲ ಓದಿದೆ, ಎರಡು ಸಲವೂ ಏನು ಹೇಳುವುದೆಂದು ತಿಳಿಯದೆ ಪಕ್ಕಕ್ಕಿಟ್ಟೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುತ್ತಿಲ್ಲ. ಊರನ್ನೂ ಹೊಸನಗರ ತಾಲೂಕು ಅನ್ನುವಷ್ಟಕ್ಕೇ ನಿಲ್ಲಿಸುತ್ತೇನೆ. ಆದರೆ ಉತ್ತರವನ್ನು ಮಾತ್ರ ಈ ಅಂಕಣದಲ್ಲೇ ಕೊಡುತ್ತೇನೆ. ನೀವು ಮಾಡಿದ ತಪ್ಪನ್ನೇ ಜಾತ್ರೆ ಬಗ್ಗೆ ಬರೆಯುವವರೂ ಮಾಡುತ್ತಾರೆ, ಉರುಸಿನ ಬಗ್ಗೆ ಬರೆಯುವವರೂ ಮಾಡುತ್ತಾರೆ.

ಉಳಿದವರಿಗಾಗಿ ವಿಷಯ ಇಷ್ಟು. ಜೂನ್‌ನಲ್ಲಿ ಶಾಲೆ ಶುರುವಾದ ಮೇಲಿನ ಮೊದಲ ಭಾನುವಾರ ಸಂಜೆ ಇವರ ಊರಿನ ಮೂರು ಚರ್ಚಿನವರು ಒಂದೇ ಕಡೆ ಸೇರಿದರು. ಕ್ಯಾಥೊಲಿಕರು, ಸಿಎಸ್‌ಐ (ದಕ್ಷಿಣ ಭಾರತ ಸಭೆ) ಎಂಬ ಪ್ರೊಟೆಸ್ಟೆಂಟ್ ಸಭೆಯವರು, ಮತ್ತೆ ಕೇರಳದಿಂದ ಬಂದು ನೆಲೆಸಿದ ಸಿರಿಯನ್ ಕ್ರೈಸ್ತರು. ಸುತ್ತಲಿನ ಶಾಲೆಗಳಿಗೆ, ಮಕ್ಕಳಿಗೆ, ಮೇಷ್ಟ್ರುಗಳಿಗೆ ಒಳ್ಳೆಯದಾಗಲಿ ಎಂದು ಒಂದೂವರೆ ಗಂಟೆ ಪ್ರಾರ್ಥಿಸಿದರು. ಆಮೇಲೆ ಕಾಫಿ, ಒಗ್ಗರಣೆ ಅವಲಕ್ಕಿ. ಟೀಚರ್ ಅಲ್ಲಿ ಸಂಡೇ ಸ್ಕೂಲ್ ನಡೆಸುವವರು. ಇದರ ಬಗ್ಗೆ ಆರು ಪುಟ ಬರೆದು ಕಳಿಸಿದ್ದಾರೆ. ಶೀರ್ಷಿಕೆ 'ಜ್ಞಾನಜ್ಯೋತಿಗೊಂದು ಪ್ರಾರ್ಥನಾ ನಮನ'.

ಈಗಿರುವ ಹಾಗೆ ಇದನ್ನು ಹಾಕುವುದಿಲ್ಲ.

ಮೊದಲ ಎರಡು ಪುಟ ಬರೀ ವರದಿ. 'ಗಣ್ಯರು ಉಪಸ್ಥಿತರಿದ್ದರು.' 'ದೀಪ ಬೆಳಗಿಸುವ ಮೂಲಕ ಚಾಲನೆ ನೀಡಲಾಯಿತು.' ಸ್ವಾಗತಿಸಿದವರು, ನಿರೂಪಿಸಿದವರು, ಕೊನೆಗೆ ವಂದಿಸಿದವರು. ಇನ್ನೇನು ಶಾಲು, ಹಾರ, ಹಣ್ಣಿನ ಬುಟ್ಟಿ ಬರುತ್ತದೆ ಎಂದು ಕಾದು ಕುಳಿತೆ. ಪ್ರಾರ್ಥನೆಗೆ ಬಂದವರಿಗೆ ಆ ಸಂಜೆ ವೇದಿಕೆ ಕಾಣಲಿಲ್ಲ ಅಂತ ನನ್ನ ನಂಬಿಕೆ. ನೀವು ಬರೆಯಲು ಕೂತಾಗ ಯಾಕೋ ಅದೊಂದೇ ಕಂಡಿದೆ.

ಮೂರನೇ ಪುಟದಲ್ಲಿ 'ಸಮಸ್ತ ವಿದ್ಯಾರ್ಥಿ ಸಮುದಾಯದ ಸರ್ವತೋಮುಖ ಏಳಿಗೆಗಾಗಿ ಬೇಡಿಕೊಳ್ಳಲಾಯಿತು' ಎಂದಿದೆ. ಯಾರು ಟೀಚರ್ ಈ ಸಮಸ್ತ ವಿದ್ಯಾರ್ಥಿ ಸಮುದಾಯ? ಅದಕ್ಕೆ ಮಳೆಗಾಲದಲ್ಲಿ ಯೂನಿಫಾರ್ಮ್ ಒಣಗದೆ ಒಲೆ ಮುಂದೆ ಹರವಿಕೊಳ್ಳುವ ಕಷ್ಟ ಇಲ್ಲ. ಮೂರನೇ ಕ್ಲಾಸಿನ ಒಬ್ಬಳಿಗೆ ಇದೆ. ಅವಳು ನಿಮ್ಮ ಆರು ಪುಟದಲ್ಲಿ ಎಲ್ಲೂ ಸಿಗಲಿಲ್ಲ.

ಸಿಟ್ಟು ಬಂತು ಅನ್ನಬಹುದು. ಲೇಖನ ಮಡಿಸಿಟ್ಟು, ಜೊತೆಗಿದ್ದ ಕಾಗದ ತೆಗೆದೆ. ಸಾಮಾನ್ಯವಾಗಿ ಅಂಥ ಕಾಗದದಲ್ಲಿ 'ದಯವಿಟ್ಟು ಪ್ರಕಟಿಸಿ ಪ್ರೋತ್ಸಾಹಿಸಿ' ಎಂದಷ್ಟೇ ಇರುತ್ತದೆ. ನಿಮ್ಮದರಲ್ಲಿ ಹೀಗಿತ್ತು:

"ಸರ್, ಒಂದು ವಿಷಯ ಲೇಖನದಲ್ಲಿ ಬರೆಯಲಿಲ್ಲ, ಚಿಕ್ಕದು ಅನ್ನಿಸಿತು. ನಡುವೆ ಒಬ್ಬರು ಅಮ್ಮಚ್ಚಿ ಎದ್ದು ಮಲಯಾಳದಲ್ಲಿ ಪ್ರಾರ್ಥನೆ ಮಾಡಿದರು. ನಮಗೆ ಯಾರಿಗೂ ಅರ್ಥ ಆಗಲಿಲ್ಲ. ಪಕ್ಕದಲ್ಲಿದ್ದ ಮೊಮ್ಮಗ, ಏಳನೇ ಕ್ಲಾಸು, ತಲೆ ತಗ್ಗಿಸಿಕೊಂಡೇ ಕನ್ನಡದಲ್ಲಿ ಹೇಳಿದ. ಸಂಕ ದಾಟುವಾಗ ಮಕ್ಕಳ ಕಾಲು ಜಾರದೆ ಇರಲಿ ಅಂತ. ಅವರು ಕೇಳಿದ್ದು ಅಷ್ಟೇ."

ಟೀಚರ್, ಇದನ್ನು ಬಿಟ್ಟು ಜ್ಞಾನಜ್ಯೋತಿ ಹಚ್ಚಲು ಹೋದಿರಲ್ಲ!

ಸಂಕ ಅಂದರೆ ಏನು ಎಂದು ಘಟ್ಟದ ಮೇಲಿನವರಿಗೆ ಹೇಳಬೇಕಿಲ್ಲ. ಬಯಲುಸೀಮೆಯ ಓದುಗರಿಗೆ ಹೇಳಬೇಕು. ಹಳ್ಳಕ್ಕೆ ಅಡ್ಡಲಾಗಿ ಎರಡೋ ಮೂರೋ ಮರದ ದಿಮ್ಮಿ, ಮೇಲೆ ಅಡಿಕೆ ದಬ್ಬೆ ಹಾಸಿ ಕಟ್ಟಿರುತ್ತಾರೆ. ಕೈಗೆ ಆಸರೆಗೆ ಒಂದು ಹಗ್ಗ, ಇಲ್ಲವಾದರೆ ಒಂದು ಗಳ. ಆಷಾಢದ ಹೊತ್ತಿಗೆ ಅದರ ಮೇಲೆ ಹಾವಸೆ ಹಿಡಿದಿರುತ್ತದೆ, ಕೆಳಗೆ ಕೆಂಪು ನೀರು ಸದ್ದು ಮಾಡಿಕೊಂಡು ಹೋಗುತ್ತಿರುತ್ತದೆ. ನಾನೂ ಅಂಥದ್ದನ್ನೇ ದಾಟಿ ಶಾಲೆಗೆ ಹೋದವನು, ತೀರ್ಥಹಳ್ಳಿ ಕಡೆ. ಕಂಬಳಿಕೊಪ್ಪೆ ಹೊದ್ದ ಅಮ್ಮ ಈಚೆ ದಡದಲ್ಲಿ ನಿಂತಿರುತ್ತಿದ್ದಳು. ನಾವು ಆಚೆ ಮುಟ್ಟಿ ಕೈ ಎತ್ತುವವರೆಗೂ ತಿರುಗುತ್ತಿರಲಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು. ಏನು ಹೇಳಿಕೊಳ್ಳುತ್ತಿದ್ದಳೋ, ಹಳ್ಳದ ಸದ್ದಿಗೆ ನನಗೆ ಒಂದು ದಿನವೂ ಕೇಳಲಿಲ್ಲ. ನಾನು ಚರ್ಚಿಗೆ ಹೋಗುವವನಲ್ಲ, ದೇವಸ್ಥಾನಕ್ಕೂ ಅಷ್ಟಕ್ಕಷ್ಟೆ. ಆದರೂ ನಿಮ್ಮ ಅಮ್ಮಚ್ಚಿಯ ಮಾತು ಓದಿದ ಮೇಲೆ ಸ್ವಲ್ಪ ಹೊತ್ತು ಬೇರೆ ಕೆಲಸ ಮಾಡಲಾಗಲಿಲ್ಲ.

ನಿಮ್ಮ ಪುಟಗಳಲ್ಲಿ ಇನ್ನೊಂದು ಸಾಲು ಇದೆ: 'ಕರ್ತನ ಪ್ರಾರ್ಥನೆಯ ವೇಳೆ ಸ್ವಲ್ಪ ಗೊಂದಲವಾಯಿತು.' ಯೇಸು ಕಲಿಸಿದ ಪ್ರಾರ್ಥನೆ ಅದು, ಎಲ್ಲ ಚರ್ಚಿನವರೂ ಹೇಳುವಂಥದ್ದು. ಏನು ಗೊಂದಲ ಎಂದು ಫೋನ್ ಮಾಡಿ ಕೇಳಿದೆ, ನೆನಪಿದೆಯಾ? ನಗುತ್ತಾ ಹೇಳಿದಿರಿ. ಒಂದು ಸಾಲಿನವರು 'ನಿನ್ನ ರಾಜ್ಯ ಬರಲಿ' ಎಂದರು, ಇನ್ನೊಂದು ಸಾಲಿನವರು 'ನಿಮ್ಮ ರಾಜ್ಯ ಬರಲಿ' ಎಂದರು, ಎರಡೂ ಡಿಕ್ಕಿ ಹೊಡೆದು ಅರೆಕ್ಷಣ ಎಲ್ಲರೂ ನಿಂತರು, ಮತ್ತೆ ಶುರು ಮಾಡಿದರು. ದೇವರಿಗೆ ಏಕವಚನವೋ ಬಹುವಚನವೋ ಅನ್ನುವುದು ಕನ್ನಡದಂಥ ಭಾಷೆಯವರಿಗೆ ಬರುವ ಪೇಚು. ನಮ್ಮ ಮನೆಗಳಲ್ಲಿ ಅಮ್ಮನಿಗೆ 'ನೀನು', ಅಪ್ಪನಿಗೆ 'ನೀವು'. ದೇವರು ಅಮ್ಮನ ಕಡೆಯೋ ಅಪ್ಪನ ಕಡೆಯೋ ಎಂದು ಒಂದೊಂದು ಚರ್ಚು ಒಂದೊಂದು ಥರ ತೀರ್ಮಾನ ಮಾಡಿಕೊಂಡಂತಿದೆ. ಇಂಥದ್ದನ್ನು ಯಾರಾದರೂ 'ಸ್ವಲ್ಪ ಗೊಂದಲ' ಎಂದು ಒರೆಸಿ ಹಾಕುತ್ತಾರಾ?

ಇಲ್ಲೇ ನಿಮ್ಮ ಲೇಖನದ ಬೆನ್ನೆಲುಬು ಇದೆ. ನೀವು ಅದನ್ನು ದಾಟಿಕೊಂಡು ಹೋಗಿದ್ದೀರಿ ಅನ್ನಿಸಿದ್ದರಿಂದ ಬಿಡಿಸಿ ಹೇಳುತ್ತೇನೆ. ಆ ಸಂಜೆ ಕೂತಿದ್ದವರು ಮನೆಯಲ್ಲಿ ಏನು ಮಾತಾಡುತ್ತಾರೆ? ಕರಾವಳಿಯಿಂದ ಘಟ್ಟ ಹತ್ತಿ ಬಂದ ಕ್ಯಾಥೊಲಿಕರ ಮನೆಯಲ್ಲಿ ಕೊಂಕಣಿ. ಜಮೀನು ಹುಡುಕಿಕೊಂಡು ಬಂದು ರಬ್ಬರ್ ಹಾಕಿದವರ ಮನೆಯಲ್ಲಿ ಮಲಯಾಳ. ಸಿಎಸ್‌ಐನಲ್ಲಿ ಕನ್ನಡದವರು ಇದ್ದಾರೆ, ತಮಿಳಿನವರೂ ಇದ್ದಾರೆ ಎಂದಿರಿ. ಶಿವಮೊಗ್ಗ ಜಿಲ್ಲೆಯೇ ಹಾಗಲ್ವಾ? 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾಯಿತು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಕೆಲಸಕ್ಕೆಂದು ಬಂದವರೆಲ್ಲ ವಾಪಸ್ ಹೋಗಲಿಲ್ಲ. ಕೇರಳ ಮೂಲದವರು ಎಷ್ಟು ಬೇರು ಬಿಟ್ಟರೆಂದರೆ 2007ರಲ್ಲಿ ಭದ್ರಾವತಿಗೆ ಕೇರಳದ ಸಿರಿಯನ್ ಕ್ಯಾಥೊಲಿಕರ ಸಿರೋ ಮಲಬಾರ್ ಧರ್ಮಪ್ರಾಂತ್ಯವೇ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ವಿಭಾಗವೇ, ಬಂತು.

ಇವರೆಲ್ಲ ಒಟ್ಟಿಗೆ ಕೂತರೆ ಯಾವ ಭಾಷೆಯಲ್ಲಿ ಪ್ರಾರ್ಥಿಸಬೇಕು? ಕನ್ನಡದಲ್ಲಿ. ಆ ಕನ್ನಡ ಅವರಲ್ಲಿ ಎಷ್ಟೋ ಜನರಿಗೆ ಸಿಕ್ಕಿದ್ದು ಊರಿನ ಸರ್ಕಾರಿ ಶಾಲೆಯ ಬೆಂಚಿನಲ್ಲಿ. ಯಾವ ಶಾಲೆಗಾಗಿ ಕಣ್ಣು ಮುಚ್ಚಿ ಬೇಡಿಕೊಂಡಿರೋ ಅದೇ ಶಾಲೆ ನಿಮಗೆ ಒಟ್ಟಿಗೆ ಬೇಡಿಕೊಳ್ಳುವ ಮಾತು ಕೊಟ್ಟಿತ್ತು. ಆ ಶಾಲೆಗೆ ಹೋಗದೆ ಉಳಿದವರು ಅಮ್ಮಚ್ಚಿ. ಅವರ ಮಾತು ನಿಮಗೆ ತಲುಪಿಸಿದ್ದೂ ಏಳನೇ ಕ್ಲಾಸಿನ ಹುಡುಗನೇ. ಇಷ್ಟನ್ನು ಬರೆದರೆ ಸಾಕು. ಸರ್ವತೋಮುಖ ಏಳಿಗೆಯ ಸುದ್ದಿ ಬೇಕಾಗುವುದಿಲ್ಲ.

ಈಗ ತಪ್ಪುಗಳು. ಬೇಗ ಮುಗಿಸುತ್ತೇನೆ.

'ಕ್ರೈಸ್ತ ಪಂಗಡಗಳು ಒಂದಾಗಿ ಪ್ರಾರ್ಥಿಸಿದ್ದು ಇತಿಹಾಸದಲ್ಲೇ ಮೊದಲು' ಎಂದಿದ್ದೀರಿ. ಅಲ್ಲ. ಪ್ರತಿ ವರ್ಷ ಜನವರಿ 18ರಿಂದ 25ರವರೆಗೆ ಐಕ್ಯತೆಗಾಗಿ ಪ್ರಾರ್ಥನಾ ವಾರ ನಡೆಯುತ್ತದೆ, 1908ರಲ್ಲಿ ಶುರುವಾದದ್ದು. ಮಾರ್ಚ್ ಮೊದಲ ಶುಕ್ರವಾರ ಮಹಿಳೆಯರು ಮುಂದೆ ನಿಂತು ನಡೆಸುವ ವಿಶ್ವ ಪ್ರಾರ್ಥನಾ ದಿನ ಇದೆ. ಸಿಎಸ್‌ಐ ಹುಟ್ಟಿದ್ದೇ 1947ರಲ್ಲಿ ಹಲವು ಪಂಗಡಗಳು ಸೇರಿ. ನಿಮ್ಮ ಊರಿಗೆ ಮೊದಲಿರಬಹುದು. 'ನಮ್ಮ ಊರಲ್ಲಿ ಮೊದಲು' ಎಂದೇ ಬರೆಯಿರಿ, ಅದಕ್ಕೇನು ತೂಕ ಕಡಿಮೆಯಾಗುವುದಿಲ್ಲ. ಹಾಗೆಯೇ ಶಿವಮೊಗ್ಗ ಧರ್ಮಪ್ರಾಂತ್ಯ 'ಶತಮಾನಗಳಷ್ಟು ಹಳೆಯದು' ಅಲ್ಲ. ಆದದ್ದು 1988ರ ನವೆಂಬರ್ 14ರಂದು. ಮಕ್ಕಳ ದಿನಾಚರಣೆಯ ದಿನ! ಇಂಥ ತಾರೀಖು ಕೈಯಲ್ಲಿದ್ದೂ ಶತಮಾನದ ಹಿಂದೆ ಹೋದಿರಿ.

'ಮಿಷನರಿಗಳು ಬಂದ ಮೇಲೆಯೇ ಈ ನಾಡಿಗೆ ಅಕ್ಷರ ಬಂತು' ಅನ್ನುವ ಸಾಲನ್ನಂತೂ ತೆಗೆದುಬಿಡಿ. ಜಗಲಿಯಲ್ಲಿ ಮರಳು ಹರಡಿ ಅಕ್ಷರ ತಿದ್ದಿಸುತ್ತಿದ್ದ ಐಗಳ ಮಠಗಳು ಇಲ್ಲಿ ಇದ್ದವು. ಅಲ್ಲಿ ಎಲ್ಲ ಜಾತಿಯ ಮಕ್ಕಳಿಗೆ ಜಾಗ ಇರಲಿಲ್ಲ ಎಂದರೆ ಒಪ್ಪುತ್ತೇನೆ. ಆದರೆ ಅದು ಬೇರೆ ಮಾತು. ಮಿಷನರಿಗಳ ಋಣ ಹೇಳಲೇಬೇಕೆಂದಿದ್ದರೆ 1843ರಲ್ಲಿ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ' ಇದೆ, 1894ರಲ್ಲಿ ಬಂದ ಕಿಟೆಲ್ ಅವರ ನಿಘಂಟು ಇದೆ. ಎರಡೂ ಹೊರಬಂದದ್ದು ಘಟ್ಟದ ಕೆಳಗಿನ ಮಂಗಳೂರಿನಲ್ಲಿ. ನಿಮ್ಮ ಊರಿನ ಖಾತೆಗೆ ಜಮಾ ಮಾಡಿಕೊಳ್ಳಬೇಡಿ.

ನಾಲ್ಕನೇ ಪುಟದಲ್ಲಿ, ಮಾರ್ಚ್‌ನಲ್ಲಿ ನಿಮ್ಮ ಚರ್ಚಿನಲ್ಲಿ ಪರೀಕ್ಷೆಗಾಗಿ ಪ್ರಾರ್ಥಿಸಿದ್ದರ ಫಲವಾಗಿ ಒಬ್ಬ ಹುಡುಗ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 598 ತೆಗೆದ ಎಂದಿದೆ. ಹಾಗಾದರೆ ಆ ಶಾಲೆಯ ಗಣಿತದ ಮೇಷ್ಟ್ರು ಸಂಜೆ ಐದೂವರೆವರೆಗೆ ಕೂರಿಸಿಕೊಂಡು ಏನು ಮಾಡುತ್ತಿದ್ದರು? ಹುಡುಗ ಏನು ಮಾಡುತ್ತಿದ್ದ? ಅದಿರಲಿ, ನನಗೆ ಕುತೂಹಲ ಇರುವುದು ಅದೇ ಬೆಂಚಿನಲ್ಲಿ ಫೇಲಾದವನ ಬಗ್ಗೆ. ಅವನ ಅಮ್ಮನೂ ಅದೇ ಚರ್ಚಿನಲ್ಲಿ ಮೊಣಕಾಲೂರಿದ್ದಳು, ಅಲ್ವಾ? ಫೇಲಾದವರಿಗೆ ಅದೇ ವರ್ಷ ಮತ್ತೆ ಬರೆಯುವ ಅವಕಾಶ ಇದೆ. ಹಾಗೆ ಮತ್ತೆ ಬರೆಯಲು ಓದುವ ಮಕ್ಕಳೂ ಇರುತ್ತಾರೆ. ಅಂಥವನೊಬ್ಬ ಆ ಸಂಜೆ ಹಿಂದಿನ ಸಾಲಿನಲ್ಲಿ ಕೂತಿದ್ದನಾ? ಕೂತಿದ್ದರೆ ಅವನ ಬಗ್ಗೆ ಎರಡು ಸಾಲು ಬರೆಯಿರಿ, 598ರ ಹುಡುಗನನ್ನು ಅವನ ಪಾಡಿಗೆ ಬಿಡಿ.

ಐದನೇ ಪುಟ ಪೂರ್ತಿ ಸಮರ್ಥನೆ. ಇದು ಮತಾಂತರವಲ್ಲ, ಯಾರನ್ನೂ ಸೆಳೆಯಲು ಮಾಡಿದ್ದಲ್ಲ, ನಾವೂ ಈ ನೆಲದವರೇ. ಯಾಕೆ ಬರೆದಿದ್ದೀರಿ ಎಂದು ಗೊತ್ತು. ಹೆಸರು ಬೇಡ ಎಂದಾಗಲೇ ಗೊತ್ತಾಯಿತು. ಇದನ್ನು ನಿಮ್ಮ ಅಳುಕು ಎಂದು ತಳ್ಳಿಹಾಕುವಷ್ಟು ದಡ್ಡ ನಾನಲ್ಲ. ಆದರೂ ಸಂಪಾದಕನಾಗಿ ಒಂದು ಮಾತು. ಯಾರೂ ಕೇಳದೆಯೇ ಒಂದು ಪುಟ ಸಮಜಾಯಿಷಿ ಕೊಟ್ಟರೆ, ಅನುಮಾನವೇ ಇಲ್ಲದ ಓದುಗನಿಗೂ ಅನುಮಾನ ಹುಟ್ಟುತ್ತದೆ. ಅಮ್ಮಚ್ಚಿ ಸಂಕ ದಾಟುವ ಮಕ್ಕಳ ಕಾಲಿನ ಬಗ್ಗೆ ಕೇಳಿದರು. ಯಾವ ಜಾತಿಯ ಕಾಲು ಎಂದು ಕೇಳಲಿಲ್ಲ. ನಿಮ್ಮ ಒಂದು ಪುಟದ ಕೆಲಸವನ್ನು ಆ ಒಂದು ವಾಕ್ಯ ಮಾಡುತ್ತದೆ.

ಅದೇ ಉಸಿರಿನಲ್ಲಿ 'ಮುಂದಿನ ವರ್ಷ ಇದನ್ನು ಸರ್ಕಾರಿ ಶಾಲೆಯ ಸಭಾಂಗಣದಲ್ಲೇ ನಡೆಸಿ ಮಕ್ಕಳನ್ನೂ ಕೂರಿಸುವ ಆಸೆಯಿದೆ' ಎಂದು ಮುಗಿಸಿದ್ದೀರಿ. ಬೇಡ ಟೀಚರ್. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದು ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಅನುದಾನಿತ ಶಾಲೆಯಲ್ಲೂ ಒಪ್ಪಿಗೆ ಇಲ್ಲದೆ ಯಾವ ಮಗುವನ್ನೂ ಪ್ರಾರ್ಥನೆಗೆ ಕೂರಿಸುವಂತಿಲ್ಲ. ಈ ನಿಯಮ ನಿಮಗೂ ಒಂದೇ, ಶಾಲೆಯಲ್ಲಿ ಹೋಮ ಮಾಡಿಸಲು ಹೊರಡುವವರಿಗೂ ಒಂದೇ. ಕಾನೂನು ಒಂದು ಕಡೆ ಇರಲಿ. ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸು ಎಂದು ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಯೇಸುವೇ ಹೇಳುತ್ತಾನೆ. ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಚರ್ಚಿನೊಳಗೆ ಕೂತು ಊರಿನ ಶಾಲೆಗಾಗಿ ಬೇಡಿದ್ದೇ ಈ ಘಟನೆಯ ಚೆಲುವು. ಕೇಳಿಸಿಕೊಳ್ಳಬೇಕಾದವರು ಮಕ್ಕಳಲ್ಲವಲ್ಲ.

ಹಾಂ, ಇನ್ನೊಬ್ಬರು ಇದ್ದಾರೆ. ಆರನೇ ಪುಟದ ತುದಿಯಲ್ಲಿ, 'ಓರ್ವ ಅತಿಥಿ ಶಿಕ್ಷಕಿಯೂ ತಮ್ಮ ಅಹವಾಲು ಸಲ್ಲಿಸಿದರು.' ಅಹವಾಲು ಸಲ್ಲಿಸಲು ಅದೇನು ತಾಲೂಕು ಕಚೇರಿಯಾ? ಏನು ಕೇಳಿಕೊಂಡರು? ಖಾಲಿ ಹುದ್ದೆಗೆ ಒಂದೊಂದು ವರ್ಷದ ಲೆಕ್ಕದಲ್ಲಿ ಬಂದು ಪಾಠ ಮಾಡುವವರು ಅವರು. ಬೇಸಿಗೆ ರಜೆಯಲ್ಲಿ ಗೌರವಧನ ಇಲ್ಲ. ಜೂನ್ ಬಂದರೆ ಈ ಸಲ ಅದೇ ಶಾಲೆ ಸಿಗುತ್ತದೋ ಇಲ್ಲವೋ ಎಂಬ ಚಿಂತೆ. ಅವರ ಬಾಯಿಂದ ಬಂದ ಮಾತು ಏನಿತ್ತೋ ಅದನ್ನೇ ಹಾಕಿ. ಹೆಸರು, ಶಾಲೆ ಬೇಡ, ಅವರಿಗೆ ತೊಂದರೆಯಾಗಬಹುದು. ಅವರನ್ನು ಕೇಳದೆ ಅಂತೂ ಹಾಕಲೇಬೇಡಿ. ಇಡೀ ಶಿಕ್ಷಕ ವೃಂದಕ್ಕೆ ಮಾಡಿದ ಪ್ರಾರ್ಥನೆಗಿಂತ ಆ ಒಬ್ಬಾಕೆ ಎದ್ದು ನಿಂತದ್ದು ನನಗೆ ಜಾಸ್ತಿ ಬೇಕು.

ಮತ್ತೆ ಮಳೆ ರಜೆಯ ವಿಷಯ. 'ಜಿಲ್ಲಾಧಿಕಾರಿ ನಾಳೆ ರಜೆ ಕೊಡಲಿ' ಎಂದು ಸಣ್ಣವನೊಬ್ಬ ಜೋರಾಗಿ ಪ್ರಾರ್ಥಿಸಿ ಬೈಸಿಕೊಂಡ ಎಂದು ಫೋನಿನಲ್ಲಿ ಹೇಳಿದಿರಲ್ಲ, ಅದನ್ನು ಬಿಟ್ಟರೆ ನಾನು ಸುಮ್ನಿರಲ್ಲ. ಆ ರಜೆಯನ್ನು ಆಮೇಲೆ ಶನಿವಾರ ಪೂರ್ತಿ ದಿನ ಕೂತು ತೀರಿಸಬೇಕು ಅನ್ನುವುದು ಅವನಿಗೆ ಇನ್ನೂ ಗೊತ್ತಿಲ್ಲ ಅಂತ ಕಾಣುತ್ತದೆ.

ಹೊಸದಾಗಿ ಬರೆದು ಕಳಿಸಿ. ಹಳೆಯದನ್ನು ತಿದ್ದಲು ಹೋಗಬೇಡಿ, ಮುಂದಿಟ್ಟುಕೊಂಡರೆ ಗಣ್ಯರು ಮತ್ತೆ ಬಂದು ಕೂರುತ್ತಾರೆ. 800 ಪದ ಸಾಕು, ಹೆಚ್ಚೆಂದರೆ 900. ಯೂನಿಕೋಡ್‌ನಲ್ಲಿ ಇರಲಿ. ಫೋಟೋ ಬೇಕಿಲ್ಲ, ಕಳಿಸಿದರೂ ಮಕ್ಕಳ ಮುಖ ಬೇಡ. ಮುಂದಿನ ತಿಂಗಳ 10ರೊಳಗೆ ಬಂದರೆ ಆ ಸಂಚಿಕೆಯಲ್ಲೇ ಜಾಗ ಇಟ್ಟಿರುತ್ತೇನೆ.

ಬರೆಯುವ ಮೊದಲು ಒಂದು ಕೆಲಸ ಮಾಡಿ. ಮಳೆ ಸ್ವಲ್ಪ ಬಿಟ್ಟ ದಿನ ಅಮ್ಮಚ್ಚಿಯ ಮನೆ ಕಡೆ ಹೋಗಿ ಆ ಸಂಕ ನೋಡಿಕೊಂಡು ಬನ್ನಿ. ಎಷ್ಟು ಹೆಜ್ಜೆ ಉದ್ದ, ಹಗ್ಗ ಎಡಗಡೆ ಇದೆಯೋ ಬಲಗಡೆಯೋ, ಈ ವರ್ಷ ದಬ್ಬೆ ಬದಲಿಸಿದ್ದಾರೋ ಇಲ್ಲವೋ. ಆ ಹುಡುಗ ಸಿಕ್ಕರೆ, ಅಜ್ಜಿಯ ಮಾತನ್ನು ಕನ್ನಡದಲ್ಲಿ ಹೇಳುವಾಗ ಏನಾದರೂ ಬಿಟ್ಟನಾ ಎಂದು ಕೇಳಿ ನೋಡಿ.