ಆಂಟಿಸೆನ್ಸ್ ಆರ್‌ಎನ್‌ಎ ಜೀನ್‌ಗಳಿಂದ ಕ್ಯಾನ್ಸರ್ ಪತ್ತೆ ಮಾಡಬಹುದಾ? ಔಷಧಿಯೂ ಬರುತ್ತಾ?

ನೀವು ಎರಡು ವಿಷಯ ಕೇಳಿದ್ದೀರಿ. ಆಂಟಿಸೆನ್ಸ್ ಆರ್‌ಎನ್‌ಎ ಜೀನ್‌ಗಳಿಂದ ಕ್ಯಾನ್ಸರ್ ಪತ್ತೆ, ಚಿಕಿತ್ಸೆ ಸಾಧ್ಯ ಅಂತ ಓದಿದೆ, ನಿಜವಾ ಅಂತ ಒಂದು. ಅಪ್ಪನ ಪಿಎಸ್‌ಎ (ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಮಾಡುವ, ರಕ್ತದಲ್ಲಿ ಅಳೆಯುವ ಪ್ರೋಟೀನ್) ಪದೇ ಪದೇ ಜಾಸ್ತಿ ಬರುತ್ತಿದೆ, ಬಯಾಪ್ಸಿಯಲ್ಲಿ (ಗ್ರಂಥಿಯ ಚೂರು ತೆಗೆದು ನೋಡುವ ಪರೀಕ್ಷೆ) ಏನೂ ಸಿಗಲಿಲ್ಲ, ಅವರಿಗೆ ಇದರಿಂದ ಉಪಯೋಗ ಇದೆಯಾ ಅಂತ ಇನ್ನೊಂದು. ನಾನು ಡಾಕ್ಟರ್ ಅಲ್ಲ. ಲ್ಯಾಬಿನಲ್ಲಿ ಆರ್‌ಎನ್‌ಎ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವನು. ನನಗೆ ಗೊತ್ತಿರುವಷ್ಟನ್ನು ಹೇಳುತ್ತೇನೆ.

ಪತ್ತೆ ಹಚ್ಚುವ ಪರೀಕ್ಷೆ ಆಗಲೇ ಬಂದಿದೆ. ಔಷಧಿ ಇನ್ನೂ ಬಂದಿಲ್ಲ.

ಡಿಎನ್‌ಎಯಲ್ಲಿ ಎರಡು ಎಳೆ ಇರುತ್ತವೆ ಅಲ್ವಾ? ಒಂದು ಜೀನ್ ಇರುವ ಜಾಗದಲ್ಲೇ, ಎದುರಿನ ಎಳೆಯಲ್ಲಿ, ತಿರುಗಾ ದಿಕ್ಕಿನಲ್ಲಿ ಇನ್ನೊಂದು ಜೀನ್ ಇರಬಹುದು. ಅದರಿಂದ ಬರುವ ಆರ್‌ಎನ್‌ಎಯನ್ನೇ (ಆರ್‌ಎನ್‌ಎ ಅಂದರೆ ಜೀನಿನಿಂದ ತೆಗೆದ ನಕಲು) ಆಂಟಿಸೆನ್ಸ್ ಅನ್ನುವುದು. ಸಾಮಾನ್ಯವಾಗಿ ಇದರಿಂದ ಪ್ರೋಟೀನ್ ತಯಾರಾಗುವುದಿಲ್ಲ. ಆದರೆ ಎದುರಿನ ಜೀನ್ ಎಷ್ಟು ಕೆಲಸ ಮಾಡಬೇಕು ಅನ್ನುವುದರಲ್ಲಿ ಹಲವು ಸಲ ಇದು ಕೈಹಾಕುತ್ತದೆ. ಹೆಸರಿನ ಕೊನೆಗೆ 'ಎಎಸ್1' ಅಂತ ಕಂಡರೆ ಅದು ಈ ಗುಂಪಿನದು ಅಂತ ತಿಳಿಯಿರಿ.

ನಿಮ್ಮ ಅಪ್ಪನ ವಿಷಯಕ್ಕೆ ಬೇಕಾದ ಜೀನ್ ಪಿಸಿಎ3. ಇದು 9ನೇ ಕ್ರೋಮೋಸೋಮಿನಲ್ಲಿ, ಪ್ರೂನ್2 ಅನ್ನುವ ದೊಡ್ಡ ಜೀನಿನ ಹೊಟ್ಟೆಯೊಳಗೆ, ತಿರುಗಾ ದಿಕ್ಕಿನಲ್ಲಿ ಕೂತಿದೆ. 1999ರಲ್ಲಿ ಇದರ ಬಗ್ಗೆ ಮೊದಲ ವರದಿ ಬಂತು. ಆಪರೇಷನ್ ಮಾಡಿ ತೆಗೆದ 56 ಪ್ರಾಸ್ಟೇಟ್‌ಗಳನ್ನು ನೋಡಿದಾಗ, 53ರಲ್ಲಿ ಕ್ಯಾನ್ಸರ್ ಭಾಗದಲ್ಲಿ ಇದು ವಿಪರೀತ ಹೆಚ್ಚಾಗಿತ್ತು. ಪಕ್ಕದ ಒಳ್ಳೆಯ ಭಾಗಕ್ಕಿಂತ 10ರಿಂದ 100 ಪಟ್ಟು.

ಪಿಎಸ್‌ಎ ಹಾಗಲ್ಲ. ಅದನ್ನು ಒಳ್ಳೆಯ ಜೀವಕೋಶವೂ ಮಾಡುತ್ತದೆ, ಕ್ಯಾನ್ಸರ್ ಜೀವಕೋಶವೂ ಮಾಡುತ್ತದೆ. ವಯಸ್ಸಾದಂತೆ ಪ್ರಾಸ್ಟೇಟ್ ಸುಮ್ನೆ ದಪ್ಪಗಾದರೂ ಅದು ಏರುತ್ತದೆ, ಸೋಂಕಾದರೂ ಏರುತ್ತದೆ. ಆ ಒಂದು ಸಂಖ್ಯೆ ನೋಡಿ ಮನೆಮಂದಿಯೆಲ್ಲ ನಿದ್ದೆಗೆಡುವುದನ್ನು ನಾನು ನಮ್ಮ ನೆಂಟರಲ್ಲೇ ಕಂಡಿದ್ದೇನೆ. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ.

ಪಿಸಿಎ3 ಪರೀಕ್ಷೆಗೆ ಮೂತ್ರ ಸಾಕು. ಮೊದಲು ಡಾಕ್ಟರ್ ಗುದದ್ವಾರದ ಮೂಲಕ ಬೆರಳಿನಿಂದ ಪ್ರಾಸ್ಟೇಟನ್ನು ಒತ್ತುತ್ತಾರೆ. ಆಗ ಒಂದಿಷ್ಟು ಜೀವಕೋಶ ಉದುರಿ ಮೂತ್ರಕ್ಕೆ ಸೇರುತ್ತವೆ. ಹಾಗಾಗಿ ಅದಾದ ಮೇಲೆ ಮೊದಲು ಬರುವ ಮೂತ್ರವನ್ನೇ ಹಿಡಿಯಬೇಕು. ಆರ್‌ಎನ್‌ಎ ಬಹಳ ಬೇಗ ಹಾಳಾಗುತ್ತದೆ, ಹಾಗಾಗಿ ಅದನ್ನು ಕಾಪಾಡುವ ದ್ರಾವಣ ಇರುವ ಟ್ಯೂಬಿಗೆ ತಡಮಾಡದೆ ಹಾಕಬೇಕು. ಲ್ಯಾಬಿನಲ್ಲಿ ಪಿಸಿಎ3 ಆರ್‌ಎನ್‌ಎ ಜೊತೆಗೆ ಪಿಎಸ್‌ಎ ಆರ್‌ಎನ್‌ಎಯನ್ನೂ ಅಳೆಯುತ್ತಾರೆ. ಮೂತ್ರದಲ್ಲಿ ಪ್ರಾಸ್ಟೇಟ್ ಜೀವಕೋಶ ಎಷ್ಟು ಬಂದಿದೆ ಅಂತ ತಿಳಿಯಲು ಇಲ್ಲಿ ಪಿಎಸ್‌ಎ ಅಳತೆಗೋಲು ಮಾತ್ರ. ಎರಡರ ಅನುಪಾತವೇ ಸ್ಕೋರ್. ಪ್ರಾಸ್ಟೇಟ್ ದಪ್ಪಗಿದೆ ಅನ್ನುವ ಕಾರಣಕ್ಕೆ ಈ ಸ್ಕೋರ್ ಏರುವುದಿಲ್ಲ. ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಇದೇ.

ಅಮೆರಿಕದಲ್ಲಿ ಔಷಧಿ, ಪರೀಕ್ಷೆಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2012ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಎಲ್ಲರಿಗೂ ಅಲ್ಲ. 50 ವರ್ಷ ತುಂಬಿದ, ಹಿಂದೆ ಬಯಾಪ್ಸಿ ಮಾಡಿಸಿ ಏನೂ ಸಿಗದ, ಮತ್ತೊಂದು ಬಯಾಪ್ಸಿ ಬೇಕಾ ಬೇಡವಾ ಅಂತ ಯೋಚಿಸುತ್ತಿರುವ ಗಂಡಸರಿಗೆ. ಸ್ಕೋರ್ 25ಕ್ಕಿಂತ ಕಡಿಮೆ ಇದ್ದರೆ ಇನ್ನೊಂದು ಬಯಾಪ್ಸಿಯಲ್ಲಿ ಕ್ಯಾನ್ಸರ್ ಸಿಗುವ ಸಾಧ್ಯತೆ ಕಡಿಮೆ. ಕಡಿಮೆ ಅಷ್ಟೇ, ಇಲ್ಲವೇ ಇಲ್ಲ ಅಂತಲ್ಲ. ಸ್ಕೋರ್ ಜಾಸ್ತಿ ಬಂದ ಮಾತ್ರಕ್ಕೆ ಕ್ಯಾನ್ಸರ್ ಜೋರಾಗಿದೆ ಅಂತಲೂ ಅಲ್ಲ.

ಇನ್ನು ಔಷಧಿ. ಇಲ್ಲಿ ಆಸೆ ಹುಟ್ಟಲು ಒಳ್ಳೆಯ ಕಾರಣವೇ ಇದೆ. ಕ್ಯಾನ್ಸರ್ ತಡೆಯುವ ಜೀನ್‌ಗಳು ಕೆಲವು ಸಲ ಕೆಟ್ಟಿರುವುದಿಲ್ಲ, ಬರೀ ಬಾಯಿ ಮುಚ್ಚಿಕೊಂಡಿರುತ್ತವೆ. ಅವನ್ನು ಮತ್ತೆ ಎಬ್ಬಿಸುವ ಔಷಧಿ ಮಾಡುವುದು ಬಲು ಕಷ್ಟ. ಆದರೆ ಬಾಯಿ ಮುಚ್ಚಿಸಿದ್ದು ಆಂಟಿಸೆನ್ಸ್ ಆರ್‌ಎನ್‌ಎ ಆಗಿದ್ದರೆ, ಅದನ್ನು ತೆಗೆದರಾಯಿತು. 2015ರಲ್ಲಿ ಪಿಸಿಎ3 ಬಗ್ಗೆಯೇ ಇಂಥದ್ದೊಂದು ಅಧ್ಯಯನ ಬಂತು. ಪಿಸಿಎ3 ಆರ್‌ಎನ್‌ಎ ಪ್ರೂನ್2 ಆರ್‌ಎನ್‌ಎಗೆ ಅಂಟಿಕೊಂಡು ಅದನ್ನು ಕಡಿಮೆ ಮಾಡುತ್ತದೆ, ಪ್ರೂನ್2 ಗಡ್ಡೆ ಬೆಳೆಯುವುದನ್ನು ತಡೆಯುವ ಜೀನ್ ಅಂತ ಅದರಲ್ಲಿ ತೋರಿಸಿದರು. ಪಿಸಿಎ3 ಅಡಗಿಸಿದಾಗ ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆ ಕುಗ್ಗಿತು.

ಹಾಗಾದರೆ ತಡೆ ಎಲ್ಲಿ? ತಲುಪಿಸುವುದರಲ್ಲಿ. ಆರ್‌ಎನ್‌ಎ ಅಡಗಿಸಲು ಹದಿನಾರಿಪ್ಪತ್ತು ಅಕ್ಷರಗಳ ಚಿಕ್ಕ ಎಳೆಯನ್ನು ತಯಾರಿಸಿ ಕೊಡುತ್ತಾರೆ. ಅದು ಗುರಿಗೆ ಅಂಟಿಕೊಂಡರೆ ಜೀವಕೋಶದ ಕಿಣ್ವವೇ ಗುರಿಯನ್ನು ಕತ್ತರಿಸುತ್ತದೆ. ರಕ್ತಕ್ಕೆ ಚುಚ್ಚಿದರೆ ಈ ಎಳೆಗಳು ಹೆಚ್ಚಾಗಿ ಯಕೃತ್ತು, ಮೂತ್ರಪಿಂಡಗಳಲ್ಲಿ ಸೇರಿಕೊಳ್ಳುತ್ತವೆ. ಗಡ್ಡೆಯ ಪ್ರತಿ ಜೀವಕೋಶಕ್ಕೂ ಸಾಕಷ್ಟು ಮುಟ್ಟಿಸುವುದು ಕಷ್ಟ. ಎಸ್‌ಎಂಎ ಅನ್ನುವ, ಸ್ನಾಯುಗಳು ಸೊರಗುವ ಆನುವಂಶಿಕ ಕಾಯಿಲೆಗೆ 2016ರಲ್ಲಿ ಒಪ್ಪಿಗೆ ಪಡೆದ ನುಸಿನರ್ಸೆನ್ ಕೂಡ ಇಂಥ ಚಿಕ್ಕ ಎಳೆಯೇ, ಅದು ಕತ್ತರಿಸದೆ ಬೇರೆ ರೀತಿ ಕೆಲಸ ಮಾಡುತ್ತದೆ ಅಷ್ಟೇ. ಅದನ್ನು ನೇರವಾಗಿ ಬೆನ್ನುಹುರಿಯ ದ್ರವಕ್ಕೇ ಚುಚ್ಚುತ್ತಾರೆ. ಪ್ರಾಸ್ಟೇಟ್ ಬಿಟ್ಟು ಮೂಳೆಗೆ ಹರಡಿದ ಕ್ಯಾನ್ಸರಿಗೆ ಹಾಗೆ ಮಾಡಲು ಆಗುವುದಿಲ್ಲ. ಹಾಗಾಗಿ 'ಆಂಟಿಸೆನ್ಸ್ ಚಿಕಿತ್ಸೆಯಿಂದ ಪ್ರಾಸ್ಟೇಟ್ ಕ್ಯಾನ್ಸರ್ ವಾಸಿ' ಅಂತ ಯಾರಾದರೂ ಈಗಲೇ ದುಡ್ಡು ಕೇಳಿದರೆ ದಯವಿಟ್ಟು ಕೊಡಬೇಡಿ.

ಅಪ್ಪನನ್ನು ಮತ್ತೆ ಯೂರಾಲಜಿಸ್ಟ್ ಹತ್ತಿರ ಕರೆದುಕೊಂಡು ಹೋಗುವಾಗ ಹಳೆಯ ಪಿಎಸ್‌ಎ ರಿಪೋರ್ಟ್‌ಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿಕೊಳ್ಳಿ, ಬಯಾಪ್ಸಿ ರಿಪೋರ್ಟೂ ಇರಲಿ. ಎರಡನೇ ಬಯಾಪ್ಸಿಗೆ ಮೊದಲು ಪ್ರಾಸ್ಟೇಟ್ ಎಂಆರ್‌ಐ ಮಾಡಿಸುವುದು ಒಳ್ಳೆಯದಾ, ಪಿಸಿಎ3ಯಂಥ ಮೂತ್ರ ಪರೀಕ್ಷೆ ನಮಗೆ ಸಿಗುತ್ತದಾ ಅಂತ ಕೇಳಿ. ಅವರು ಏನು ಹೇಳಿದರು ಅಂತ ಇಲ್ಲಿ ಬರೆದರೆ, ರಿಪೋರ್ಟ್ ಓದಿ ಅರ್ಥಮಾಡಿಕೊಳ್ಳಲು ನನ್ನ ಕೈಲಾದಷ್ಟು ಸಹಾಯ ಮಾಡುತ್ತೇನೆ.