ಸಾಫ್ಟ್ ಲಾಕಪ್ ಮೆಸೇಜ್ ಬರುತ್ತಿದ್ದರೆ ವಾಚ್‌ಡಾಗ್ ಆಫ್ ಮಾಡಬಹುದಾ?

ಪೀಣ್ಯದ ಫ್ಯಾಕ್ಟರಿಯಲ್ಲಿರುವ ಲಿನಕ್ಸ್ ಸರ್ವರ್ ಆಗಾಗ ಹ್ಯಾಂಗ್ ಆಗುತ್ತದೆ, ಲಾಗ್‌ನಲ್ಲಿ ‘ಸಾಫ್ಟ್ ಲಾಕಪ್, ಸಿಪಿಯು 22 ಸೆಕೆಂಡ್ ಸ್ಟಕ್’ ಅಂತ ಬರುತ್ತದೆ, ಸಿಪಿಯು ಸಿಕ್ಕಿಕೊಂಡರೆ ಎಚ್ಚರಿಸುವ ವಾಚ್‌ಡಾಗ್ ಆಫ್ ಮಾಡಲಾ ಅಂತ ಕೇಳಿದ್ದೀರಿ. ಬೇಡ. ಆಫ್ ಮಾಡಿದರೆ ಮೆಸೇಜ್ ನಿಲ್ಲುತ್ತದೆ ಅಷ್ಟೇ, ಹ್ಯಾಂಗ್ ನಿಲ್ಲುವುದಿಲ್ಲ.

ಪ್ರತಿ ಸಿಪಿಯುನಲ್ಲೂ 4 ಸೆಕೆಂಡಿಗೊಮ್ಮೆ ಒಂದು ಟೈಮರ್ ಎದ್ದು, ವಾಚ್‌ಡಾಗ್‌ನ ಚಿಕ್ಕ ಕೆಲಸವೊಂದಕ್ಕೆ ಆ ಸಿಪಿಯುನಲ್ಲಿ ಸರದಿ ಸಿಕ್ಕಿತಾ ಅಂತ ನೋಡುತ್ತದೆ. 20 ಸೆಕೆಂಡ್ ದಾಟಿದರೂ ಸಿಗದಿದ್ದರೆ ಅದು ಸಾಫ್ಟ್ ಲಾಕಪ್. ಅಂದರೆ ಕರ್ನಲ್‌ನ (ಲಿನಕ್ಸ್‌ನ ತಿರುಳಿನ) ಯಾವುದೋ ಕೋಡ್ ಸಿಪಿಯು ಹಿಡಿದುಕೊಂಡು ಬಿಡುತ್ತಿಲ್ಲ. ನಿಮ್ಮ 22ರಲ್ಲಿ ವಿಶೇಷವೇನಿಲ್ಲ, ಗಡಿ ದಾಟಿದ ಮೇಲೆ ಟೈಮರ್ ಎದ್ದ ಹೊತ್ತು ಅದು. ಆ ಟೈಮರ್ ಕೂಡ ಏಳದಿದ್ದರೆ ಹಾರ್ಡ್ ಲಾಕಪ್. ಅದನ್ನು ಎನ್‌ಎಂಐ ಎಂಬ, ತಡೆಯಲಾಗದ ಇಂಟರಪ್ಟ್ ಸುಮಾರು 10 ಸೆಕೆಂಡಿನಲ್ಲಿ ಹಿಡಿಯುತ್ತದೆ. ವಾಚ್‌ಡಾಗ್_ಥ್ರೆಶ್ ಅನ್ನುವ ಸೆಟ್ಟಿಂಗ್‌ನ ಡಿಫಾಲ್ಟ್ ಬೆಲೆಯೇ ಆ 10. ಸಾಫ್ಟ್ ಲಾಕಪ್‌ಗೆ ಅದರ ಎರಡರಷ್ಟು.

ನೀವು ಒಂದು ವಿಷಯ ಹೇಳಿಲ್ಲ: ಅದು ಬರೀ ಯಂತ್ರವಾ (ಲಿನಕ್ಸ್ ನೇರವಾಗಿ ಹಾರ್ಡ್‌ವೇರ್ ಮೇಲೆ), ಇಲ್ಲಾ ಇನ್ನೊಂದು ಯಂತ್ರದೊಳಗೆ (ಹೋಸ್ಟ್) ಗೆಸ್ಟ್ ಆಗಿ ಓಡುವ ವರ್ಚುವಲ್ ಮಷೀನಾ? ವರ್ಚುವಲ್ ಆದರೆ ಮೊದಲು ‘ಟಾಪ್’ ಕಮಾಂಡ್‌ನಲ್ಲಿ ಸ್ಟೀಲ್ ಟೈಮ್, ಅಂದರೆ ಹೋಸ್ಟ್ ಸಿಪಿಯು ಕೊಡದೆ ಕಾಯಿಸಿದ ಹೊತ್ತು, ನೋಡಿ. ಹಾಗೆ ಕಾಯಿಸಿದರೂ ಒಳಗಿನ ಕರ್ನಲ್‌ಗೆ ಲಾಕಪ್ ಹಾಗೆಯೇ ಕಾಣುತ್ತದೆ. ಸ್ಟೀಲ್ ಟೈಮ್ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಹೋಸ್ಟ್ ಮೇಲೆ ಗೆಸ್ಟ್‌ಗಳನ್ನು ಜಾಸ್ತಿ ತುರುಕಿದ್ದಾರೆ ಅಂತ ಅರ್ಥ. ಥ್ರೆಶ್ ಅನ್ನು 20ಕ್ಕೋ 30ಕ್ಕೋ ಏರಿಸುವುದನ್ನು ನಾನು ಒಪ್ಪುವುದು ಈ ಒಂದು ಕೇಸ್‌ನಲ್ಲಿ ಮಾತ್ರ. 60ರ ಮೇಲೆ ಅದು ಹೋಗುವುದೂ ಇಲ್ಲ.

ಬರೀ ಯಂತ್ರ ಆಗಿದ್ದರೆ ಥ್ರೆಶ್ ಮುಟ್ಟಬೇಡಿ. ಲಾಕಪ್ ಆದಾಗ ಯಂತ್ರ ಏನು ಮಾಡಬೇಕು ಅನ್ನುವುದನ್ನು ಮೊದಲು ತೀರ್ಮಾನಿಸಿ. ಭಾನುವಾರ ರಾತ್ರಿ ರೀಸೆಟ್ ಒತ್ತಲು ಜಯನಗರದಿಂದ ಪೀಣ್ಯಕ್ಕೆ ಯಾರು ಹೋಗುತ್ತಾರೆ? ಸಾಫ್ಟ್‌ಲಾಕಪ್_ಪ್ಯಾನಿಕ್, ಹಾರ್ಡ್‌ಲಾಕಪ್_ಪ್ಯಾನಿಕ್ ಸೆಟ್ಟಿಂಗ್ ಎರಡನ್ನೂ 1 ಮಾಡಿ, ಲಾಕಪ್ ಆದಾಗ ಕರ್ನಲ್ ಪ್ಯಾನಿಕ್ ಆಗುತ್ತದೆ, ಅಂದರೆ ತಾನೇ ಕೆಲಸ ನಿಲ್ಲಿಸುತ್ತದೆ. ಜೊತೆಗೆ ಕರ್ನಲ್.ಪ್ಯಾನಿಕ್ ಅನ್ನು 30 ಮಾಡಿ, ಪ್ಯಾನಿಕ್ ಆದ 30 ಸೆಕೆಂಡಿಗೆ ತಾನೇ ರೀಬೂಟ್ ಆಗುತ್ತದೆ. ಇದನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಅದು 0 ಆಗಿದ್ದರೆ ಯಂತ್ರ ಪ್ಯಾನಿಕ್ ಆಗಿ ಸುಮ್ನೆ ನಿಂತೇ ಇರುತ್ತದೆ. ಎಲ್ಲವನ್ನೂ ಕರ್ನಲ್ ಸೆಟ್ಟಿಂಗ್‌ಗಳಿರುವ ಸಿಸ್‌ಸಿಟಿಎಲ್.ಡಿ ಫೋಲ್ಡರ್‌ನ ಫೈಲ್‌ನಲ್ಲಿ ಬರೆಯಿರಿ. ಟರ್ಮಿನಲ್‌ನಲ್ಲಿ ಕೊಟ್ಟದ್ದು ಮುಂದಿನ ಬೂಟ್‌ಗೆ ಉಳಿಯುವುದಿಲ್ಲ.

ಇದಕ್ಕೂ ಮುಂಚೆ, ಕ್ರ್ಯಾಶ್ ಆದಾಗ ಮೆಮೊರಿಯನ್ನು ಡಂಪ್ ಫೈಲ್ ಆಗಿ ಉಳಿಸುವ ಕೆಡಂಪ್ ಹಾಕಿಕೊಳ್ಳಿ. ಇಲ್ಲದಿದ್ದರೆ ರೀಬೂಟ್ ಜೊತೆ ಸಾಕ್ಷಿಯೂ ಹೋಗುತ್ತದೆ. ಕೆಲಸದ ದಿನ, ಯಾರಾದರೂ ಯಂತ್ರದ ಪಕ್ಕ ಇರುವಾಗ, ಸಿಸ್‌ರಿಕ್ಯೂ (ಕರ್ನಲ್‌ಗೆ ನೇರ ಆಜ್ಞೆ ಕೊಡುವ ದಾರಿ) ಮೂಲಕ ‘ಸಿ’ ಕೊಟ್ಟು ಬೇಕಂತಲೇ ಕ್ರ್ಯಾಶ್ ಮಾಡಿಸಿ ನೋಡಿ. ಡಂಪ್ ಬಂತಾ, ಯಂತ್ರ ಮತ್ತೆ ಎದ್ದಿತಾ ಗೊತ್ತಾಗುತ್ತದೆ. ವರ್ಚುವಲ್ ಮಷೀನ್‌ನಲ್ಲಿ ಮಾತ್ರ ಸಾಫ್ಟ್‌ಲಾಕಪ್_ಪ್ಯಾನಿಕ್ ಹಾಕಬೇಡಿ, ಹೋಸ್ಟ್ ಒದ್ದಾಡಿದಾಗಲೆಲ್ಲ ನಿಮ್ಮ ಸರ್ವರ್ ರೀಬೂಟ್ ಆಗುತ್ತದೆ.

‘120 ಸೆಕೆಂಡಿಗಿಂತ ಜಾಸ್ತಿ ಬ್ಲಾಕ್ ಆಗಿದೆ’ ಅನ್ನುವ ಮೆಸೇಜ್ ಬೇರೆಯದು. ಅದು ಹಂಗ್ ಟಾಸ್ಕ್, ಅಂದರೆ ಯಾವುದಕ್ಕೋ ಕಾಯುತ್ತಾ ನಿಂತುಹೋದ ಕೆಲಸ, ಸಾಮಾನ್ಯವಾಗಿ ಡಿಸ್ಕ್ ಅಥವಾ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಹಂಚಿದ ಫೈಲ್‌ಗಳು) ಕಡೆ ನೋಡಬೇಕು.

ನಿಮ್ಮ ಲಾಗ್‌ನಲ್ಲಿ ಆ 22 ಸೆಕೆಂಡ್ ಸಾಲಿನ ಕೆಳಗೆ ಸಿಪಿಯು ಯಾವ ಕೋಡ್‌ನಲ್ಲಿತ್ತು ಅಂತ ಹೇಳುವ ಆರ್‌ಐಪಿ ಅನ್ನುವ ಒಂದು ಸಾಲು, ಆಮೇಲೆ ಅಲ್ಲಿಗೆ ಹೇಗೆ ಬಂತು ಅಂತ ತೋರಿಸುವ ಕಾಲ್ ಟ್ರೇಸ್ ಇರುತ್ತದೆ. ಅದನ್ನು ಪೂರ್ತಿ ಹಾಕಿ. ಫ್ಯಾಕ್ಟರಿ ಯಂತ್ರ ಅಂದಮೇಲೆ ಯಾವುದೋ ಕಾರ್ಡ್‌ಗೆ ಹೊರಗಿನ ಡ್ರೈವರ್ ಹಾಕಿರುತ್ತಾರೆ, ನನ್ನ ಅನುಮಾನ ಅದರ ಮೇಲೇ.